ಹಲ್ಲು ಕೀಳುವವನ ಬೊಂಬೆ

ಕಳೆದ ಸಂಚಿಕೆಯಲ್ಲಿ ಕೊಡೆಯ ಚರಿತ್ರೆಯನ್ನು ಅರ್ಧ ಹೇಳಿ, ಉಳಿದರ್ಧವನ್ನು ಈ ಸಲ ಪೂರೈಸುವೆವೆಂದು ವಾಚಕರಿಗೆ ಮಾತು ಕೊಟ್ಟಿದ್ದೆವು. ಆ ಮಾತನ್ನು ಮುರಿಯುತ್ತಿದ್ದೇವೆ, ಕ್ಷಮೆಯಿರಲಿ. ತಪ್ಪು ನಮ್ಮದಲ್ಲ, ನಮ್ಮ ಸಂಘದ ರಾಜ್ಯೋತ್ಸವದಲ್ಲಿ ನಡೆದ ಬೊಂಬೆಯಾಟದ್ದು.

ಆಟವನ್ನು ಕಂಡವರು ಈಗಾಗಲೇ ನಗುತ್ತಿರಬೇಕು. ಕಾಣದ ಪುಣ್ಯವಂತರಿಗೆ ಹೇಳುತ್ತೇವೆ. ಮಕ್ಕಳಿಗಾಗಿ ಕೈಬೊಂಬೆಯಾಟ ಆಡಿಸಬೇಕೆಂದು ಕಾರ್ಯಕಾರಿ ಸಮಿತಿ ಠರಾವು ಮಾಡಿತು. ಸಂಭಾಷಣೆ ಬರೆಯುವ ಹೊಣೆ, ಬಿ.ಎ. ಓದಿದವರೆಂಬ ಒಂದೇ ಕಾರಣಕ್ಕೆ, ನಮ್ಮ ತಲೆಗೆ ಬಿತ್ತು. ನಾವೋ, ಹಗಲೆಲ್ಲ ಸರಕಾರಿ ಕಡತಗಳಲ್ಲಿ ಮುಳುಗಿರುವವರು. ಮುಂಬಯಿಯ ಮಕ್ಕಳಿಗೆ ಶುದ್ಧ ಕನ್ನಡ ಕೇಳಿಸಲು ಇಂಥ ಸಂದರ್ಭ ಮತ್ತೆ ಸಿಕ್ಕೀತೇ ಎಂದು, ಬೊಂಬೆಯ ಬಾಯಲ್ಲಿ "ಎಲೈ ಮಿತ್ರನೇ, ಎತ್ತಣಿಂದ ಆಗಮಿಸುತ್ತಿರುವೆ?" ಎಂದು ಆಡಿಸಿದೆವು. ಹತ್ತು ನಿಮಿಷ ಸಭಾಂಗಣದಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ. ಭಾವಪರವಶತೆಯ ಮೌನವೆಂದೇ ನಾವು ತಿಳಿದೆವು. ಅಷ್ಟರಲ್ಲಿ ಮುಂದಿನ ಸಾಲಿನ ಒಬ್ಬ ಹುಡುಗ ತಾಯಿಯನ್ನು ಹಿಂದಿಯಲ್ಲಿ, ಇದು ಯಾವಾಗ ಮುಗಿಯುತ್ತದೆಂದು ಕೇಳಿದ್ದು ನಮ್ಮ ಕಿವಿಗೂ ಬಿತ್ತು.

ದೈವವಶಾತ್ ಆ ಹೊತ್ತಿಗೆ ಬೊಂಬೆಯ ತಲೆಯ ಮೇಲಿನ ರುಮಾಲು ಕಳಚಿ ಪರದೆಯ ಮುಂದೆ ಬಿತ್ತು. ಬೊಂಬೆ ಹಿಡಿದವರು ನಮ್ಮ ಖಜಾಂಚಿಗಳು, ಧಾರವಾಡದ ಕಡೆಯವರು. ಗಾಬರಿಯಲ್ಲಿ ಅವರಿಗೆ ನಮ್ಮ ಸಂಭಾಷಣೆ ಮರೆತುಹೋಗಿ, "ಅಯ್ಯಯ್ಯ ಯಪ್ಪಾ, ನನ್ನ ರುಂಬಾಲ ಎಲ್ಲಿ ಬಿತ್ತಪಾ, ಯಾರರೆ ನೋಡೀರೇನು?" ಎಂದುಬಿಟ್ಟರು. ಸಭಾಂಗಣವೇ ಹಾರಿಹೋಗುವಂತೆ ಮಕ್ಕಳು "ಅಲ್ಲೈತಿ! ಅಲ್ಲೈತಿ!" ಎಂದು ಕೂಗಿದರು. ಕರಾವಳಿಯ ಮನೆಯ ಮಕ್ಕಳು "ಅಲ್ಲುಂಟು" ಎಂದರು. ಹಿಂದಿಯ ಹುಡುಗ ಬೆಂಚಿನ ಮೇಲೆ ನಿಂತಿದ್ದ. ಆಮೇಲೆ ಖಜಾಂಚಿಗಳು ನಾವು ಬರೆದ ಹಾಳೆಗಳತ್ತ ತಿರುಗಿಯೂ ನೋಡಲಿಲ್ಲ.

ಆಟ ಮುಗಿದ ಮೇಲೆ ಮೂರನೆಯ ಇಯತ್ತೆಯ ಒಬ್ಬ ಹುಡುಗಿ ಬಂದು, "ಆ ಬೊಂಬೆಯ ಹೆಸರೇನು? ಅವನು ಯಾರು?" ಎಂದು ಕೇಳಿದಳು. ನಮ್ಮ ಹಸ್ತಪ್ರತಿಯಲ್ಲಿ ಅವನ ಹೆಸರು 'ಪಾತ್ರ 1' ಎಂದಿತ್ತು. ಹಾಗೆಂದು ಹೇಳಲು ನಾಲಗೆ ಬರಲಿಲ್ಲ.

ಬೊಂಬೆಗೆ ಹೆಸರೂ ಮುಖವೂ ಬರುವುದು ಎಲ್ಲಿಂದ ಎಂಬ ಚಿಂತೆ ಅಂದು ಹತ್ತಿಕೊಂಡಿತು. ಹುಡುಕುತ್ತ ಹೋದಾಗ ಫ್ರಾನ್ಸ್ ದೇಶದ ಗಿನ್ಯೋಲ್ ಎಂಬ ಮಹಾಶಯನ ಪರಿಚಯವಾಯಿತು. ಹೆಸರು ನಮ್ಮ ನಾಲಗೆಗೆ ಹೊಸದು. ಅಲ್ಲಿ ಅವನನ್ನರಿಯದ ಮಗುವಿಲ್ಲ. ಅವನ ಕೀರ್ತಿ ಎಷ್ಟೆಂದರೆ, ಕೈಯಲ್ಲಿ ಆಡಿಸುವ ಯಾವ ಬೊಂಬೆಗೂ ಫ್ರೆಂಚರು ಗಿನ್ಯೋಲ್ ಎಂದೇ ಹೇಳುವುದುಂಟು. ಕೆಲಸಕ್ಕೆ ಬಾರದ ಮನುಷ್ಯನನ್ನು ಬಯ್ಯುವುದಕ್ಕೂ ಅದೇ ಮಾತು. ಕೀರ್ತಿ ಬಂದ ಮೇಲೆ ಎರಡನ್ನೂ ಸಹಿಸಬೇಕು.

ಅವನನ್ನು ಹುಟ್ಟಿಸಿದವನು ಲೋರಾಂ ಮೂರ್ಗೆ. 1769ರ ಮಾರ್ಚಿಯಲ್ಲಿ ಲಿಯೋನ್ ನಗರದ ರೇಷ್ಮೆ ನೇಕಾರರ ಮನೆಯಲ್ಲಿ ಹುಟ್ಟಿದವನು, ತಾನೂ ನೇಕಾರ. ಲಿಯೋನ್ ಎಂದರೆ ಆಗ ಐರೋಪ್ಯ ರಾಜರಾಣಿಯರಿಗೆಲ್ಲ ರೇಷ್ಮೆ ನೇಯ್ದು ಕೊಡುತ್ತಿದ್ದ ಊರು. ಇಂದು ನಮ್ಮ ಹೆಣ್ಣುಮಕ್ಕಳ ರೇಷ್ಮೆ ಸೀರೆಯ ಸೆರಗಿನಲ್ಲಿ ನವಿಲು, ಮಾವಿನಕಾಯಿ ಮೂಡಿಸುವ ಜಕಾರ್ಡ್ ಮಗ್ಗವಿದೆಯಲ್ಲ, ಆ ಜಕಾರ್ಡ್ ಮಹಾಶಯನೂ ಅದೇ ಊರಿನವನೇ. ಅಲ್ಲಿಯ ನೇಕಾರರನ್ನು 'ಕಾನ್ಯು' ಎಂದು ಕರೆಯುತ್ತಿದ್ದರು. ಅರಮನೆಗೆ ಪಟ್ಟೆ ನೇಯುವವರಾದರೂ ಅವರ ಬಾಳು ಮಾತ್ರ ಹತ್ತಿಯ ಚಿಂದಿಯದು.

1789ರಲ್ಲಿ ಫ್ರಾನ್ಸಿನ ಮಹಾಕ್ರಾಂತಿಯಾಯಿತು. ರಾಜರೂ ಸರದಾರರೂ ತಲೆ ಉಳಿಸಿಕೊಳ್ಳುವ ಗಡಿಬಿಡಿಯಲ್ಲಿರುವಾಗ ಜರತಾರಿ ಅಂಗಿ ಹೊಲಿಸುವವರು ಯಾರು? 1793ರಲ್ಲಿ ಕ್ರಾಂತಿಯ ಸರಕಾರದ ಸೈನ್ಯ ಲಿಯೋನ್ ನಗರಕ್ಕೇ ಮುತ್ತಿಗೆ ಹಾಕಿತು. ಮಗ್ಗಗಳು ನಿಂತವು. ಮೂರ್ಗೆಗೆ ಹೆಂಡತಿ, ಮಕ್ಕಳು. ಓದುಬರಹ ಬಾರದು. ಸಂತೆಯಿಂದ ಸಂತೆಗೆ ಸಾಮಾನು ಹೊತ್ತು ಮಾರಿದ, ಹೊಟ್ಟೆ ತುಂಬಲಿಲ್ಲ. 1797ರ ಸುಮಾರಿಗೆ ಹಲ್ಲು ಕೀಳುವ ಕಸುಬಿಗೆ ಇಳಿದ.

ಈ ಕಸುಬಿನ ವಿಚಾರ ಸ್ವಲ್ಪ ಹೇಳಬೇಕು, ಏಕೆಂದರೆ ಗಿನ್ಯೋಲನ ಜಾತಕ ಇಲ್ಲೇ ಇದೆ. ಆಗ ದಂತವೈದ್ಯರೆಂದರೆ ಇಂದಿನಂತೆ ತಣ್ಣನೆಯ ಕೋಣೆಯಲ್ಲಿ ಒರಗುಕುರ್ಚಿ ಇಟ್ಟವರಲ್ಲ. ಸಂತೆಯ ನಡುವೆ ಒಂದು ಹಲಗೆ, ಒಂದು ಇಕ್ಕಳ, ಗಟ್ಟಿಯಾದ ಒಂದು ರಟ್ಟೆ. ನೋವು ತಿಳಿಯದಂತೆ ಮಾಡುವ ಔಷಧವಿಲ್ಲ. ಈಥರ್ ಕೊಟ್ಟು ಹಲ್ಲು ಕಿತ್ತದ್ದು ಜಗತ್ತಿಗೆ ಗೊತ್ತಾದದ್ದೇ 1846ರಲ್ಲಿ, ಅದೂ ಅಮೆರಿಕದಲ್ಲಿ. ಹಲ್ಲು ಕೀಳುವುದು ಧರ್ಮಾರ್ಥ; ಸಂಪಾದನೆಯೆಲ್ಲ ಆಮೇಲೆ ನೋವಿಗೆಂದು ಮಾರುವ ಮದ್ದಿನಲ್ಲಿ. ಈ ವ್ಯಾಪಾರದ ಮರ್ಮ ಇಂದಿನವರಿಗೂ ಅಪರಿಚಿತವಲ್ಲ. ಆದರೆ ಇಕ್ಕಳದ ಮುಂದೆ ಬಂದು ಕೂರುವ ಧೈರ್ಯ ಜನಕ್ಕೆ ಬರಬೇಕಲ್ಲ? ಅದಕ್ಕಾಗಿ ಮೂರ್ಗೆ ಹಲಗೆಯ ಮೇಲೆ ಎರಡು ಬೊಂಬೆಗಳನ್ನೆತ್ತಿ ಆಡಿಸಲಾರಂಭಿಸಿದ. ನಗಲು ಬಾಯಿ ತೆರೆದವನ ಹಲ್ಲು ತಾನಾಗಿ ಕಾಣುತ್ತದೆ.

ಮೊದಮೊದಲು ಆಡಿಸಿದ್ದು ಸ್ವಂತ ಬೊಂಬೆಯನ್ನಲ್ಲ. ಇಟಲಿಯ ನೇಪಲ್ಸಿನಿಂದ ಹೊರಟ ಪುಲ್ಚಿನೆಲ್ಲಾ ಎಂಬ ಗೂನುಬೆನ್ನಿನ, ಕೊಕ್ಕೆಮೂಗಿನ ವಿದೂಷಕ ಆ ವೇಳೆಗೆ ಯೂರೋಪನ್ನೆಲ್ಲ ಸುತ್ತಿದ್ದ. ಇಂಗ್ಲೆಂಡಿನಲ್ಲಿ 'ಪಂಚ್' ಆದ. 1662ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ನಿನಲ್ಲಿ ಇಟಲಿಯವನೊಬ್ಬ ಈ ಆಟ ಆಡಿಸಿದ್ದನ್ನು ಸ್ಯಾಮ್ಯುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಫ್ರಾನ್ಸಿನಲ್ಲಿ ಅವನ ಹೆಸರು ಪೊಲಿಶಿನೆಲ್. ಮೂರ್ಗೆಯ ಕೈಗೆ ಮೊದಲು ಸಿಕ್ಕಿದವನು ಈ ಪೊಲಿಶಿನೆಲ್. ಜನ ನಕ್ಕರು, ಇಲ್ಲವೆಂದಲ್ಲ. 1804ರ ಹೊತ್ತಿಗೆ ಬೊಂಬೆಯ ಸಂಪಾದನೆ ಇಕ್ಕಳದ ಸಂಪಾದನೆಯನ್ನು ಮೀರಿತು. ಅವನು ಇಕ್ಕಳ ಕೆಳಗಿಟ್ಟ. ಲಿಯೋನಿನ ದವಡೆಗಳು ನಿಟ್ಟುಸಿರು ಬಿಟ್ಟಿರಬೇಕು.

ಆಗ ಅವನ ಜೊತೆಗಾರನಾಗಿ ಬಂದವನು ಲಾದ್ರೆ ಎಂಬ ಸಂತೆಯ ಹಾಸ್ಯಗಾರ. ಪಿಟೀಲು ನುಡಿಸುವವನು, ಜನರು 'ತೋಮಾ ತಾತ' ಎಂದು ಕರೆಯುತ್ತಿದ್ದರು. ಮಾತಿನಲ್ಲಿ ಅಸಾಧ್ಯ. ಆದರೆ ದ್ರಾಕ್ಷಾರಸದ ಮೇಲೆ ಅವನಿಗಿದ್ದ ಭಕ್ತಿ ಸಮಯಪಾಲನೆಯ ಮೇಲೆ ಇರಲಿಲ್ಲ. ಕೊನೆಗೆ ಇಬ್ಬರೂ ಬೇರೆಯಾದರು. ಬೇರೆ ಯಾರಾದರೂ ಆಗಿದ್ದರೆ ಬಯ್ದು ಸುಮ್ಮನಾಗುತ್ತಿದ್ದರು. ಮೂರ್ಗೆ ಒಂದು ಮರದ ತುಂಡು ತೆಗೆದುಕೊಂಡು ಅದೇ ಕೆಂಪು ಮೂಗು, ಅದೇ ಗಡ್ಡ, ಅದೇ ಮಾತಿನ ವರಸೆಯ ಬೊಂಬೆ ಕೆತ್ತಿದನಂತೆ. ಅವನೇ ನ್ಯಾಫ್ರಾನ್, ಕಸುಬಿನಿಂದ ಮೋಚಿ, ಹವ್ಯಾಸದಿಂದ ಕುಡುಕ. ಆ ಊರ ಆಡುಮಾತಿನಲ್ಲಿ ಮೋಚಿಗೆ ಹೇಳುವ ಪದದಿಂದಲೇ ಅವನ ಹೆಸರು ಹುಟ್ಟಿದ್ದು. ಕುಡಿದು ಕೈಕೊಟ್ಟ ಗೆಳೆಯ ಬೊಂಬೆಯಾಗಿ ಎರಡು ಶತಮಾನ ಒಂದು ದಿನವೂ ತಪ್ಪದೆ ಆಟಕ್ಕೆ ಬರುತ್ತಿದ್ದಾನೆ.

ಗಿನ್ಯೋಲ್ ಬಂದದ್ದು ಅವನ ಬೆನ್ನಿಗೆ, 1808ರ ಸುಮಾರಿಗೆ. ಅವನ ರೂಪವನ್ನು ಸ್ವಲ್ಪ ನಿಂತು ನೋಡಬೇಕು. ಪೊಲಿಶಿನೆಲನ ಗೂನಿಲ್ಲ, ಕೊಕ್ಕೆ ಮೂಗಿಲ್ಲ. ಗುಂಡು ಮುಖ, ಮೊಂಡು ಮೂಗು, ಆಶ್ಚರ್ಯದಿಂದ ಅರಳಿದ ಕಣ್ಣು, ಕೆನ್ನೆಯಲ್ಲಿ ಗುಳಿ. ಮೂರ್ಗೆ ತನ್ನ ಮುಖವನ್ನೇ ಕನ್ನಡಿಯಲ್ಲಿ ನೋಡಿ ಕೆತ್ತಿದನೆಂದು ಊರವರ ನಂಬಿಕೆ. ಮೈಮೇಲೆ ಕಂದು ಕೋಟು, ಹಿತ್ತಾಳೆ ಬಣ್ಣದ ಗುಂಡಿಗಳು, ಕೊರಳಲ್ಲಿ ಕೆಂಪು ಗಂಟು. ತಲೆಯ ಮೇಲೆ ಕಿವಿಮುಚ್ಚುವ ಕರಿಯ ಟೊಪ್ಪಿಗೆ, ಅದರ ಹಿಂದೆ ಬಟ್ಟೆ ಸುತ್ತಿ ಬಿಗಿದ ಒಂದು ಜುಟ್ಟು. ಜುಟ್ಟಿಗೆ ಹೀಗೆ ಬಟ್ಟೆ ಸುತ್ತುವುದು ಅಲಂಕಾರಕ್ಕಲ್ಲ. ಕೂದಲು ಮಗ್ಗದ ಎಳೆಗಳಿಗೆ ಸಿಕ್ಕದಿರಲೆಂದು ನೇಕಾರರು ಮಾಡಿಕೊಳ್ಳುತ್ತಿದ್ದ ಉಪಾಯವದು. ಕೈಯಲ್ಲೊಂದು ಕೋಲು, ಅದಕ್ಕೆ ಅವನಿಡುವ ಹೆಸರೂ ರೇಷ್ಮೆಯ ಕೆಲಸದ ಸಲಕರಣೆಯದೇ. ಅಂದರೆ ಪರದೆಯ ಮೇಲೆ ಎದ್ದು ನಿಂತವನು ಎಲ್ಲಿಂದಲೋ ಬಂದ ಅತಿಥಿಯಲ್ಲ. ಕೆಳಗೆ ನಿಂತು ನೋಡುತ್ತಿದ್ದವರ ಪಕ್ಕದ ಮನೆಯವನು.

ಹೆಸರಿನ ವಿಚಾರವಾಗಿ ವಿದ್ವಾಂಸರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಇಟಲಿಯ ಲೊಂಬಾರ್ಡಿಯಲ್ಲಿ ಕಿನ್ಯೋಲೊ ಎಂಬ ಊರಿದೆ, ಅಲ್ಲಿಂದ ಬಂದ ರೇಷ್ಮೆ ಕೆಲಸಗಾರನೊಬ್ಬನ ಅಡ್ಡಹೆಸರು ಅದೆಂದು ಒಂದು ಪಕ್ಷ. ಬಹಳ ತಮಾಷೆಯ ಸಂಗತಿಗೆ 'ಗಿನ್ಯೋಲಾಂ' ಎಂದು ಉದ್ಗರಿಸುವ ನೆರೆಯ ನೇಕಾರನೊಬ್ಬನಿದ್ದ, ಅವನ ಉದ್ಗಾರವೇ ಹೆಸರಾಯಿತೆಂದು ಇನ್ನೊಂದು. ನಮಗೆ ಎರಡನೆಯದೇ ರುಚಿಸುತ್ತದೆ. ಪ್ರಮಾಣವೇನೆಂದು ಕೇಳಬೇಡಿ, ಕಚೇರಿಯಲ್ಲಿ ದಿನವಿಡೀ ಪ್ರಮಾಣಪತ್ರ ನೋಡಿ ಸಾಕಾಗಿದೆ.

ರೂಪಕ್ಕಿಂತ ಹೆಚ್ಚಾಗಿ ಗಿನ್ಯೋಲನನ್ನು ಮನೆಮಗನನ್ನಾಗಿ ಮಾಡಿದ್ದು ಅವನ ಮಾತು. ಪ್ಯಾರಿಸಿನ ಪಂಡಿತರ ಫ್ರೆಂಚ್ ಅವನ ಬಾಯಲ್ಲಿ ಬರುವುದಿಲ್ಲ. ಲಿಯೋನಿನ ಓಣಿಗಳಲ್ಲಿ, ಕ್ರ್ವಾ-ರೂಸ್ ಗುಡ್ಡದ ಮಗ್ಗದ ಮನೆಗಳಲ್ಲಿ ಆಡುವ ಮಾತು. ಮಗುವಿಗೆ ಊರವರು ಹೇಳುವ 'ಗೋನ್' ಎಂಬ ಪದ. ವ್ಯಾಕರಣ ಪಂಡಿತರು ಕಿವಿ ಮುಚ್ಚಿಕೊಳ್ಳುವ ಕ್ರಿಯಾಪದಗಳು. ಓದಲು ಬಾರದ ಮೂರ್ಗೆ ಅಂದಂದಿನ ಸುದ್ದಿಯನ್ನು ಬೀದಿಯಲ್ಲಿ ಕೇಳಿಸಿಕೊಂಡು, ಸಂಜೆ ಬೊಂಬೆಯ ಬಾಯಲ್ಲಿ ಹಾಕುತ್ತಿದ್ದ. ಪತ್ರಿಕೆ ಕೊಳ್ಳಲಾರದವರಿಗೆ, ಕೊಂಡರೂ ಓದಲಾರದವರಿಗೆ ಅದೇ ಪತ್ರಿಕೆ. ನೋಡುವವರು ಆಗ ಮಕ್ಕಳಲ್ಲ, ದಿನದ ದುಡಿಮೆ ಮುಗಿಸಿದ ದೊಡ್ಡವರು.

ಕಥೆಗಳೂ ಅವರವೇ. 'ಮನೆ ಖಾಲಿ' ಎಂಬರ್ಥದ ಹೆಸರಿನ ಒಂದು ಆಟ ಬಹಳ ಪ್ರಸಿದ್ಧ. ಗಿನ್ಯೋಲ್ ಎಷ್ಟೋ ಕಂತುಗಳ ಬಾಡಿಗೆ ಬಾಕಿ ಉಳಿಸಿಕೊಂಡಿದ್ದಾನೆ; ಮನೆಯೊಡೆಯ ಕನೆಜೂ ಬಾಗಿಲಿಗೆ ಬಂದು ನಿಲ್ಲುತ್ತಾನೆ; ಇವನೂ ಹೆಂಡತಿ ಮದಲೋನಳೂ, ನ್ಯಾಫ್ರಾನನ ಸಹಾಯದಿಂದ, ಪಾತ್ರೆಪಡಗ ಹೊತ್ತು ರಾತ್ರೋರಾತ್ರಿ ಜಾಗ ಖಾಲಿ ಮಾಡಲು ಹೊರಡುತ್ತಾರೆ. ಮುಂಬಯಿಯಲ್ಲಿ ಹನ್ನೊಂದು ತಿಂಗಳಿಗೊಮ್ಮೆ ಕರಾರುಪತ್ರ ಬದಲಿಸುವ ನಮ್ಮಂಥವರಿಗೆ ಈ ಆಟದ ಅರ್ಥ ವಿವರಿಸಬೇಕಾಗಿಲ್ಲ. ನಾವು ಇದುವರೆಗೆ ನಾಲ್ಕು ಮನೆ ಬದಲಿಸಿದ್ದೇವೆ, ಹಗಲಿನಲ್ಲಿಯೇ, ಬಾಕಿಯಿಲ್ಲದೆ. ಇನ್ನೊಂದು ಆಟದ ಹೆಸರೇ 'ಒಬ್ಬ ದಂತವೈದ್ಯ'. ಹಳೆಯ ಕಸುಬಿನ ಋಣ ಎಲ್ಲಿ ಹೋದೀತು! ಆಟ ಯಾವುದಾದರೂ ಪೋಲೀಸಿನವನ ಬೆನ್ನಿಗೆ ಕೋಲಿನ ಏಟು ತಪ್ಪಿದ್ದಲ್ಲ.

ಹಾಗಾಗಿ ಸರಕಾರಕ್ಕೆ ಕೋಪ ಬಂತು. ಲಿಯೋನಿನ ನೇಕಾರರು 1831ರಲ್ಲಿಯೂ 1834ರಲ್ಲಿಯೂ ಕೂಲಿಗಾಗಿ ದಂಗೆಯೆದ್ದಿದ್ದರು. ಅವರನ್ನು ನಗಿಸುವ ಬೊಂಬೆಯ ಮೇಲೂ ಅಧಿಕಾರಿಗಳಿಗೆ ಒಂದು ಕಣ್ಣು. ಮೂರನೆಯ ನೆಪೋಲಿಯನ್ ಪಟ್ಟಕ್ಕೇರುತ್ತಿದ್ದ 1852ರಲ್ಲಿ ಕಟ್ಟಪ್ಪಣೆಯಾಯಿತು: ಬಾಯಿಗೆ ಬಂದಂತೆ ಆಡಿಸುವಂತಿಲ್ಲ, ಆಡುವ ಮಾತನ್ನೆಲ್ಲ ಮೊದಲೇ ಬರೆದು ಅಧಿಕಾರಿಗಳಿಗೆ ಒಪ್ಪಿಸಿ ಅನುಮತಿ ಪಡೆಯಬೇಕು. ಬೊಂಬೆಯ ಬಾಯಿ ಕಟ್ಟಲು ಹೊರಟ ಈ ಅಪ್ಪಣೆಯಿಂದ ಆದದ್ದು ಮಾತ್ರ ಬೇರೆ. ಅದುವರೆಗೆ ಗಾಳಿಯಲ್ಲಿ ಹೋಗುತ್ತಿದ್ದ ಮಾತು ಕಾಗದದ ಮೇಲೆ ಬಿತ್ತು, ಕಾಗದ ಕಡತಕ್ಕೆ ಸೇರಿತು, ಕಡತ ಉಳಿಯಿತು. 1865ರಲ್ಲಿ ಅದೇ ಊರಿನ ನ್ಯಾಯಾಧೀಶ ಒನೋಫ್ರಿಯೊ ಎಂಬವರು ಗಿನ್ಯೋಲನ ಆಟಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಹಗಲು ನ್ಯಾಯಪೀಠ, ರಾತ್ರಿ ಪೋಲೀಸಿನವನಿಗೆ ಏಟು ಬೀಳುವ ನಾಟಕಗಳ ಶುದ್ಧಪ್ರತಿ! ಗುಮಾಸ್ತರ ಕೆಲಸದಿಂದ ಲೋಕಕ್ಕೆ ಏನುಪಯೋಗವೆಂದು ಆಗಾಗ ಕೇಳುವ ನಮ್ಮ ಶ್ರೀಮತಿಯವರಿಗೆ ಈ ಪ್ರಸಂಗವನ್ನು ಓದಿ ಹೇಳಿದೆವು. "ಒಬ್ಬರು ಉಳಿಸಿದರಲ್ಲ, ಸಂತೋಷ" ಎಂದು ಒಳಗೆ ಹೋದರು.

ಅಚ್ಚಾದ ಮಾತಿಗೂ ಮೂರ್ಗೆ ಆಡಿದ ಮಾತಿಗೂ ವ್ಯತ್ಯಾಸ ಇದ್ದೇ ಇರುತ್ತದೆ. ಅಧಿಕಾರಿಗೆ ತೋರಿಸುವ ಪ್ರತಿಯಲ್ಲಿ ಖಾರ ಕಡಮೆ, ಸಭ್ಯತೆ ಹೆಚ್ಚು. ಮೂರ್ಗೆ ಅದನ್ನು ಕಾಣಲಿಲ್ಲ. 1844ರ ಡಿಸೆಂಬರ್ ಕಡೆಯಲ್ಲಿ ವಿಯೆನ್ ಎಂಬ ಹತ್ತಿರದ ಊರಿನಲ್ಲಿ ತೀರಿಕೊಂಡಿದ್ದ. ಆಟವನ್ನು ಮುಂದುವರಿಸಿದವರು ಮಕ್ಕಳೂ ಅಳಿಯನೂ. ಗಿನ್ಯೋಲ್ ಪ್ಯಾರಿಸಿಗೆ ಹೋದ, ಉದ್ಯಾನಗಳಲ್ಲಿ ಮಕ್ಕಳ ಬೊಂಬೆಯಾದ. 1988ರಿಂದ 2018ರವರೆಗೆ ಅಲ್ಲಿಯ ದೂರದರ್ಶನದಲ್ಲಿ ರಾಜಕಾರಣಿಗಳನ್ನು ಗೇಲಿ ಮಾಡಿದ ಬೊಂಬೆ ಕಾರ್ಯಕ್ರಮವೂ ಅವನ ಹೆಸರನ್ನೇ ಹೊತ್ತಿತ್ತು. ಲಿಯೋನಿನಲ್ಲಿ 1912ರಲ್ಲಿ ಮೂರ್ಗೆಗೆ ಸ್ಮಾರಕ ನಿಲ್ಲಿಸಿದರು. ಕೈಮಗ್ಗಗಳ ಸದ್ದು ಗುಡ್ಡದ ಮೇಲೆ ಹೆಚ್ಚುಕಡಮೆ ಅಡಗಿಹೋಗಿದೆ. ನೇಕಾರರ ಮಾತನ್ನು ಕೇಳಬೇಕೆಂದರೆ ಇಂದು ನಿಘಂಟನ್ನು ತೆರೆಯಬೇಕು, ಇಲ್ಲವೆ ಗಿನ್ಯೋಲನ ಆಟಕ್ಕೆ ಹೋಗಬೇಕು. ಮಕ್ಕಳು ಹೋಗುವುದು ಎರಡನೆಯದಕ್ಕೆ.

ಇಷ್ಟು ಓದಿದ ಮೇಲೆ ನಮಗೆ ನಮ್ಮದೇ ಒಬ್ಬ ಹಳೆಯ ಗೆಳೆಯನ ನೆನಪಾಯಿತು. ಕೊಪ್ಪಳದ ಕಡೆಯ ನಮ್ಮ ಅಜ್ಜನ ಊರಿನಲ್ಲಿ, ನಾವು ಏಳೆಂಟು ವರ್ಷದವರಾಗಿದ್ದಾಗ, ಮಳೆ ಬಾರದ ಒಂದು ವರ್ಷ ತೊಗಲು ಬೊಂಬೆಯಾಟ ಆಡಿಸಿದರು. ಆಟವಾಡಿಸಿದರೆ ಮಳೆ ಬರುತ್ತದೆಂಬುದು ಆ ಸೀಮೆಯ ನಂಬಿಕೆ. ಬಿಳಿಯ ಪರದೆ, ಹಿಂದೆ ದೀಪ, ಬಣ್ಣ ಹಚ್ಚಿದ ತೊಗಲಿನಲ್ಲಿ ರಾಮ, ಸೀತೆ. ಅವರ ಮುಖ ನಮಗೆ ನೆನಪಿಲ್ಲ. ನೆನಪಿರುವುದು ಕಿಳ್ಳೇಕ್ಯಾತ: ಕರಿಯ ಮೈ, ಡೊಳ್ಳು ಹೊಟ್ಟೆ, ಪಕ್ಕದಲ್ಲಿ ಜಗಳಗಂಟಿ ಬಂಗಾರಕ್ಕ. ರಾಮ ಆಡಿದ್ದು ಪುರಾಣದ ಕನ್ನಡ; ಇವರಿಬ್ಬರು ಆಡಿದ್ದು ನಮ್ಮ ಅಜ್ಜಿಯ ಕನ್ನಡ. ರಾಮಾಯಣದ ನಡುವೆ ಆ ಊರ ಗೌಡರ ಎಮ್ಮೆಯ ಸುದ್ದಿ ಬಂದದ್ದು ಇಂದಿಗೂ ಕಿವಿಯಲ್ಲಿದೆ.

ಆಗ ನಮಗೆ ತಿಳಿಯದಿದ್ದ ಸಂಗತಿ ಒಂದಿದೆ. ಆ ಆಟವಾಡಿಸುವ ಶಿಳ್ಳೇಕ್ಯಾತ ಜನರ ಮನೆಮಾತು ಕನ್ನಡವಲ್ಲ, ಮರಾಠಿಯ ಒಂದು ಬಗೆ. ಎಂದೋ ವಲಸೆ ಬಂದವರು. ಮನೆಯೊಳಗೆ ಒಂದು ಮಾತು, ಪರದೆಯ ಹಿಂದೆ ನಮ್ಮ ಮಾತು. ಅದೂ ಪಂಡಿತರ ಕನ್ನಡವಲ್ಲ, ಓಣಿಯ ಕನ್ನಡ. ಹೈದರಾಬಾದಿನ ವಾಚಕರು ಆಂಧ್ರದ ತೊಗಲು ಬೊಂಬೆಯಾಟ ನೋಡಿದ್ದರೆ ಅಲ್ಲಿಯೂ ಒಬ್ಬ ಕೇತಿಗಾಡು, ಅವನ ಜೊತೆ ಅದೇ ಬಂಗಾರಕ್ಕ, ತೆಲುಗಿನಲ್ಲಿ ಜಗಳವಾಡುವುದನ್ನು ಕಂಡಿರಬಹುದು. ಚೆನ್ನೈ ವಾಚಕರ ಸೀಮೆಯಲ್ಲಿ ಉಚ್ಚಿಕುಡುಮಿ ಎಂಬ ಜುಟ್ಟಿನವನು ತಮಿಳಿನಲ್ಲಿ ಅದೇ ಕೆಲಸ ಮಾಡುತ್ತಾನೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಎಂಬ, ತೊಂಬತ್ತು ದಾಟಿದ ಹಿರಿಯ ಕಲಾವಿದೆಗೆ 2025ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಕಚೇರಿಯಲ್ಲಿ ಪೇಢೆ ಹಂಚಿದೆವು. ಪಕ್ಕದ ಮೇಜಿನ ಸಹೋದ್ಯೋಗಿ ಅವರು ನಿಮ್ಮ ಬಂಧುಗಳೇ ಎಂದು ಮರಾಠಿಯಲ್ಲಿ ಕೇಳಿದರು. ಹೌದೆಂದೆವು.

ಇನ್ನು ನಮ್ಮ ಸಂಘದ ಬೊಂಬೆಯ ಸಮಾಚಾರ. ಯುಗಾದಿಗೆ ಮತ್ತೆ ಆಟವಿಡಬೇಕೆಂದು ಸಮಿತಿಯಲ್ಲಿ ಮಾತು ಬಂತು. ಈ ಸಲ ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಇಟ್ಟರೆ ಮಕ್ಕಳಿಗೆ ತಿಳಿಯುತ್ತದೆಂದು ಒಬ್ಬರು, ಗ್ರಂಥಸ್ಥ ಕನ್ನಡವೇ ಇರಲೆಂದು ಇನ್ನೊಬ್ಬರು, ಆಡುಮಾತಾದರೆ ಯಾವ ಸೀಮೆಯ ಆಡುಮಾತೆಂದು ಮೂರನೆಯವರು. ಈ ಮೂರನೆಯ ಪ್ರಶ್ನೆ ಸುಲಭದ್ದಲ್ಲ. ಬೊಂಬೆ ಧಾರವಾಡದವನಾದರೆ ಮಂಗಳೂರಿನವರು ಮುನಿಯುತ್ತಾರೆ, ಮೈಸೂರಿನವನಾದರೆ ಕಲಬುರ್ಗಿಯವರು. ಎರಡು ಗಂಟೆ ಚರ್ಚೆಯಾಗಿ ಚಹಾ ಎರಡು ಸಲ ಬಂತು. ನಮ್ಮ ಮಕ್ಕಳು ಆಡುವುದು ಇವು ಯಾವುವೂ ಅಲ್ಲ. ಧಾರವಾಡದ ಅಮ್ಮನ ಮಾತಿಗೆ ಉಡುಪಿಯ ನೆರೆಮನೆಯ ಮಾತು ಸೇರಿ, ಮೇಲೆ ಲೋಕಲ್ ರೈಲಿನ ಮರಾಠಿ ಒಗ್ಗರಣೆ ಬಿದ್ದದ್ದು. "ಮಮ್ಮೀ, ಲವಕರ್ ಬಾ, ಗಾಡಿ ಬಂತು" ಎನ್ನುವ ಮಗುವಿನ ಕನ್ನಡ. ಬೊಂಬೆ ಆ ಕನ್ನಡವನ್ನೇ ಆಡಲಿ ಎಂದು ನಾವು ಅಳುಕುತ್ತಲೇ ಸೂಚಿಸಿದೆವು. ಠರಾವು ಆಗಲಿಲ್ಲ, ಬೇಡವೆಂದೂ ಯಾರೂ ಅನ್ನಲಿಲ್ಲ. ಸರಕಾರಿ ಭಾಷೆಯಲ್ಲಿ ಇದನ್ನು ಅನುಮತಿ ಎಂದು ಓದಿಕೊಳ್ಳಬಹುದು.

ಸಂಭಾಷಣೆ ಬರೆಯುವ ಕೆಲಸದಿಂದ ನಮಗೆ ಮುಕ್ತಿ ಸಿಕ್ಕಿದೆ. ಪಾತ್ರಗಳು ಬರುವ ಹೋಗುವ ಪಟ್ಟಿ ಮಾತ್ರ ಬರೆದುಕೊಟ್ಟಿದ್ದೇವೆ. ಉಳಿದದ್ದು ಖಜಾಂಚಿಗಳ ಬಾಯಿಗೆ ಬಿಟ್ಟದ್ದು. ಕಥೆ ಮನೆ ಬದಲಿಸುವುದರದ್ದೇ. ಹೆಸರು ಇನ್ನೂ ಗೊತ್ತಾಗಿಲ್ಲ. ಆ ಮೂರನೆಯ ಇಯತ್ತೆಯ ಹುಡುಗಿಯನ್ನು ಕರೆದು ಕೇಳಿದೆವು. ಅವಳು ಬೊಂಬೆಯನ್ನು ಬಹಳ ಹೊತ್ತು ತಿರುಗಿಸಿ ನೋಡಿ, "ಇವನಿಗೆ ಹಲ್ಲೇ ಇಲ್ಲ, ಮೊದಲು ಹಲ್ಲು ಬರೀರಿ, ಆಮೇಲೆ ಹೇಳ್ತೀನಿ" ಎಂದಳು. ಬಣ್ಣ, ಕುಂಚ ತಂದಿದ್ದೇವೆ. ಕೊಡೆಯ ಉಳಿದರ್ಧ ಮುಂದಿನ ಸಂಚಿಕೆಗೆ.